ಬಿಚ್ಚದೆ ಕಳಿಸಿದ ರೀಲು

ಆ ರೀಲನ್ನು ಬಿಚ್ಚದೆ ಹುಬ್ಬಳ್ಳಿಗೆ ಕಳಿಸಿದವನು ನಾನು, ಗಿರಿಜಾ. ನಿನ್ನ ಅಪ್ಪನಲ್ಲ. ಮರೆತು ಕಳಿಸಿದ್ದೂ ಅಲ್ಲ — ಬೇಕೆಂದೇ ಕಳಿಸಿದೆ. ಆಮೇಲೆ ಆ ತಪ್ಪನ್ನು ನಿನ್ನ ಅಪ್ಪನ ತಲೆಗೆ ಕಟ್ಟಿ, ಅವನು ಇರುವವರೆಗೂ ಅವನದೇ ಅಂಗಡಿಯಲ್ಲಿ ಕೂತು ಗೆಳೆಯನೆಂದು ಚಹಾ ಕುಡಿದೆ.

ಹೋದ ತಿಂಗಳು ನೀನು ನಮ್ಮ ಮನೆಗೆ ಬಂದಾಗ ನಿನ್ನ ಅವ್ವನ ಫೋಟೋ ತಂದಿದ್ದೆ. ಹಳಿಯಾಳದ ಅರ್ಧ ಊರಿಗೆ ಫೋಟೋ ತೆಗೆದ ನಿನ್ನ ಅಪ್ಪ ಬಸವಣ್ಣೆಪ್ಪನ ಹತ್ತಿರ ತನ್ನ ಹೆಂಡತಿಯದು ಇದ್ದದ್ದು ಅದೊಂದೇ. ನೀಲವ್ವ ಕ್ಯಾಮೆರಾ ಕಂಡರೆ ಉಸಿರು ಬಿಗಿ ಹಿಡಿದು ಕೂಡುತ್ತಿದ್ದಳು. ನೀನು ಅದನ್ನು ನನ್ನ ತೊಡೆಯ ಮೇಲಿಟ್ಟು ಕೇಳಿದೆ: “ಕಾಕಾ, ಇದರಾಗ ಅವ್ವ ಹೆದರಿಕೊಂಡಂಗ ಕೂತಾಳ. ಆಕಿ ನಗತಿದ್ಲೇನ್ರಿ? ನೀವೆಲ್ಲಾ ಕೂಡಿ ತಗದ ಸಿನಿಮಾದಾಗ ನಕ್ಕಿದ್ಲಂತ ಅಪ್ಪ ಹೇಳತಿದ್ದ. ಅದು ಎಲ್ಲಿ ಹೋತು?”

“ನನಗ ನೆನಪಿಲ್ಲವಾ. ಭಾಳ ವರ್ಷದ ಮಾತು” ಅಂದೆ. ನೀನು ಫೋಟೋ ಒರೆಸಿ ಚೀಲದಲ್ಲಿಟ್ಟುಕೊಂಡು ಹೋದೆ. ಅಪ್ಪನಿಗೆ ಹೇಳಿದ ಸುಳ್ಳು ಸಾಲಲಿಲ್ಲವೆಂದು ಮಗಳಿಗೂ ಒಂದು ಹೇಳಿದ ಹಾಗಾಯಿತು. ಬಾಯಿಂದ ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು ಇರಬೇಕು. ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ಹಳಿಯಾಳದಲ್ಲಿ ಕೆಲವು ವಾರ, ದಾಂಡೇಲಿಯಲ್ಲಿ ಕೆಲವು ವಾರ, ಆಮೇಲೆ ಮುಂಡಗೋಡ — ಹೀಗೆ ಟೆಂಟು ಬಿಚ್ಚುವುದು, ಟೆಂಟು ಹೊಡೆಯುವುದು. ನಮ್ಮದು ಸಣ್ಣ ಮಷೀನು, ದೊಡ್ಡ ಥೇಟರಿನವರು ಹಾಕುವ ಫಿಲ್ಮಿನ ಅರ್ಧ ಅಗಲದ ಫಿಲ್ಮು ಹಾಕುವಂಥದ್ದು. ಹುಬ್ಬಳ್ಳಿಯ ಹಂಚಿಕೆದಾರರ ಆಫೀಸಿನಿಂದ ಚಿತ್ರದ ಪ್ರಿಂಟು ಪೆಟ್ಟಿಗೆಯಲ್ಲಿ ಬಸ್ಸಿಗೆ ಬರುತ್ತಿತ್ತು, ಆಟ ಮುಗಿದ ಮೇಲೆ ಬಸ್ಸಿಗೇ ವಾಪಸು ಹೋಗುತ್ತಿತ್ತು. ನಮ್ಮ ಪಾಲಿಗೆ ಬರುತ್ತಿದ್ದದ್ದು ಎಲ್ಲರೂ ಉಂಡು ಬಿಟ್ಟ ಎಲೆ. ಗೀರು ಬಿದ್ದದ್ದು, ಹರಿದದ್ದು, ಹಾಡು ಅರ್ಧಕ್ಕೇ ನಿಲ್ಲುವಂಥದ್ದು.

ಅಂಥದ್ದರಲ್ಲೇ ಒಂದು ಚಿತ್ರ ಬಂತು. ಮೈದುನ ಹೇಳಿದ ಸುಳ್ಳು ನಂಬಿ ಗಂಡ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವ ಕಥೆ. ಕೊನೆಗೆ ಆಕೆ ಹೊಳೆಯ ಕಡೆಗೆ ನಡೆಯುತ್ತಾಳೆ, ನಡೆಯುತ್ತಲೇ ಇರುತ್ತಾಳೆ — ಅಷ್ಟರಲ್ಲಿ ಪರದೆ ಬೆಳ್ಳಗಾಗುತ್ತದೆ. ಕೊನೆಯ ತುಂಡು ಯಾವ ಊರಿನಲ್ಲೋ ಸುಟ್ಟುಹೋಗಿತ್ತು. ಆಫೀಸಿನವರು, “ಇದ್ದದ್ದು ಇಷ್ಟ. ಬೇಕಾದ್ರ ಹಾಕ್ರಿ” ಅಂದಿದ್ದರು. ಮಂದಿ ಮಾತ್ರ ಬಿಡಲಿಲ್ಲ. ಆಕೆ ಸತ್ತಳೋ, ಮನೆಗೆ ಹೋದಳೋ ಎಂದು ಸಂತೆಯಲ್ಲಿ ನಿಂತು ಜಗಳಾಡಿದರು. ಒಬ್ಬ ಮುದುಕಿ ಟೆಂಟಿನ ಬಾಗಿಲಲ್ಲಿ ಕೂತು, ಹೇಳುವವರೆಗೆ ಏಳುವುದಿಲ್ಲವೆಂದು ಹಟ ಹಿಡಿದಳು.

ನಿನ್ನ ಅಪ್ಪನಿಗೆ ಆ ಚಿತ್ರದ ಹುಚ್ಚು ಹಿಡಿಯಿತು. ಹುಚ್ಚು ಅಂದರೆ ಅಂತಿಂಥದ್ದಲ್ಲ — ಅಂಗಡಿಗೆ ಬೀಗ ಹಾಕಿ, ಸೈಕಲ್ ತುಳಿದುಕೊಂಡು, ಟೆಂಟು ಹೋದಲ್ಲೆಲ್ಲ ಬರುತ್ತಿದ್ದ. ಅವನ ಹತ್ತಿರ ಕೀಲಿ ಕೊಟ್ಟು ಓಡಿಸುವ ಒಂದು ಸಿನಿಮಾ ಕ್ಯಾಮೆರಾ ಇತ್ತು. ದಾಂಡೇಲಿಯ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ಕೊಟ್ಟು ಹೋಗಿದ್ದ. ಅದರ ಫಿಲ್ಮೂ ನಮ್ಮ ಮಷೀನಿನ ಅಳತೆಯದೇ. ಒಂದು ದಿನ ಬಂದು, “ಶಂಕ್ರಪ್ಪಾ, ಆ ಕಡೀ ತುಂಡು ನಾವ ತಗಿಯೂಣು” ಅಂದ. ನಾನು ನಕ್ಕೆ. ಅವನು ನಗಲಿಲ್ಲ.

ಹೆಣ್ಣಿನ ಪಾತ್ರಕ್ಕೆ ಯಾರು ಬರುತ್ತಾರೆ? ಆ ಕಾಲದಲ್ಲಿ ಕೇಳಿದರೂ ಕಪಾಳಕ್ಕೆ ಬೀಳುತ್ತಿತ್ತು. ಕೊನೆಗೆ ಅವನ ಹೆಂಡತಿಯೇ ಒಪ್ಪಿದಳು. ಮದುವೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಚಿಗಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ತಲೆಯ ಮೇಲಿನ ಸೆರಗು ತೆಗೆಯುವುದಿಲ್ಲ ಎಂಬುದೊಂದೇ ಅವಳ ಕರಾರು. ಮೈದುನನ ಪಾತ್ರ ನನ್ನದು. ತಪ್ಪೊಪ್ಪಿಕೊಂಡು ಅತ್ತಿಗೆಯ ಕಾಲು ಹಿಡಿದು ಮನೆಗೆ ಕರೆದುಕೊಂಡು ಹೋಗುವ ಮೈದುನ — ಹೌದು, ಗಿರಿಜಾ. ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳುವುದನ್ನು ನಾನು ಬಣ್ಣ ಹಚ್ಚಿಕೊಂಡು ಚೆನ್ನಾಗಿಯೇ ಮಾಡಿದೆ.

ಮೌಳಂಗಿಯ ಹೊಳೆಯ ದಂಡೆಯಲ್ಲಿ ಬೆಳಗಿನ ಬಿಸಿಲಿಗೆ ತೆಗೆದೆವು. ನೀಲವ್ವ ಬಂಡೆಯ ಮೇಲೆ ಹೊಳೆಗೆ ಮುಖ ಮಾಡಿ ನಿಲ್ಲಬೇಕು, ನಾನು ಓಡಿ ಬರಬೇಕು. ಓಡಿ ಬಂದೆ, ಪಾಚಿಯ ಮೇಲೆ ಕಾಲಿಟ್ಟೆ, ಧೊಪ್ಪನೆ ನೀರಿಗೆ ಬಿದ್ದೆ. ಮುಖ ನೀರೊಳಗೆ. ಎದ್ದು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಆಕೆ ಸೆರಗು ಬಾಯಿಗೆ ಹಿಡಿದು ಅತ್ತ ತಿರುಗಿ ನಿಂತಿದ್ದಳು, ಭುಜ ಅಲುಗುತ್ತಿತ್ತು. ಇನ್ನೊಮ್ಮೆ ತೆಗೆಯೋಣವೆಂದರೆ, ಕಾಲು ಹಿಡಿದು ಮನೆಗೆ ಕರೆದೊಯ್ಯುವುದಕ್ಕೆ ಬೇಕಾದಷ್ಟು ಬಿಟ್ಟರೆ ಬೇರೆ ಫಿಲ್ಮು ಇರಲಿಲ್ಲ. “ಇರ್ಲಿ ಬಿಡೋ. ನಕ್ಕಾಳ, ನಗಲಿ. ಇಡೀ ಸಿನಿಮಾದಾಗ ಅತ್ತಾಳ ಪಾಪ” ಅಂದ ನಿನ್ನ ಅಪ್ಪ.

ಫಿಲ್ಮನ್ನು ಮುಂಬೈಗೆ ಕಳಿಸಿ ತೊಳೆಸಿ ತಂದ. ಅದಕ್ಕೆ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ಚಿತ್ರವಾಗಿ ಬರುತ್ತದೆ. ಇದ್ದದ್ದು ಅದೊಂದೇ ಪ್ರತಿ — ಇದನ್ನು ನೆನಪಿಟ್ಟುಕೋ. ನಾನೇ ಅದನ್ನು ಪ್ರಿಂಟಿನ ಬಾಲಕ್ಕೆ ಅಂಟಿಸಿದೆ. ದನಿ ಇಲ್ಲದ ತುಂಡು. ಅದು ಶುರುವಾದ ಕೂಡಲೇ ನಾನು ಮಷೀನಿನ ದನಿ ಆರಿಸುತ್ತಿದ್ದೆ, ನಿನ್ನ ಅಪ್ಪ ಪರದೆಯ ಪಕ್ಕ ಮೈಕ್ ಹಿಡಿದು ಇಬ್ಬರ ಮಾತನ್ನೂ ತಾನೇ ಆಡುತ್ತಿದ್ದ. ನಾನು ನೀರಿಗೆ ಬಿದ್ದಾಗ ಟೆಂಟು ಹಾರಿಹೋಗುವ ಹಾಗೆ ಮಂದಿ ನಗುತ್ತಿದ್ದರು. ಆಕೆ ಮನೆಯ ಹಾದಿ ಹಿಡಿದಾಗ ಶಿಳ್ಳೆ, ಚಪ್ಪಾಳೆ. ಮುಂಡಗೋಡದಲ್ಲಿ ಚಿಗಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬಂದರು. ನಿನ್ನ ಸೋದರಮಾವ ಎದ್ದು ನಿಂತು, “ಏ, ನಮ್ಮ ನೀಲಿ! ನಮ್ಮ ನೀಲಿ ನೋಡ್ರೋ!” ಎಂದು ಕೂಗಿದ. ಜೋಯಿಡಾ ಕಡೆಯ ಒಬ್ಬ ಕೊಂಕಣಿ ಮುದುಕಿ — ಕನ್ನಡ ಒಂದಕ್ಷರ ಬಾರದು — ನನ್ನ ಕೈ ಹಿಡಿದು ಅತ್ತಳು.

ಪ್ರಿಂಟು ವಾಪಸು ಕಳಿಸುವ ದಿನ ಬಂತು. ನಿನ್ನ ಅಪ್ಪ ಹಿಂದಿನ ದಿನವೇ ಹೇಳಿದ್ದ: “ಕಳಸೂ ಮೊದಲ ನಮ್ಮ ತುಂಡು ಬಿಚ್ಚಿ ತಗದಿಡು, ಮರೀಬ್ಯಾಡ. ಅದು ಮಂದಿ ಮನಿ. ಬೀಗರಾಗಿ ಹೋಗಿ ಉಂಡು ಬಂದೀವಿ. ಅವರ ಗ್ವಾಡಿ ಮ್ಯಾಲ ನಮ್ಮ ಹೆಸರು ಬರಿಬಾರದು.”

ಪೆಟ್ಟಿಗೆಯ ಮುಂದೆ ಕೂತು ಬ್ಲೇಡು ಕೈಯಲ್ಲಿ ಹಿಡಿದೆ. ಆಗ ಮನಸ್ಸಿನಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ — ಗದಗದಲ್ಲಿ ನೋಡಲಿ, ಬಾಗಲಕೋಟೆಯಲ್ಲಿ ನೋಡಲಿ, ಶಂಕ್ರಪ್ಪನ ಮುಖ ಊರೂರಿಗೆ ಹೋಗಲಿ. ಇಷ್ಟೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕಾಗಿತ್ತು ನನಗೆ. ಬ್ಲೇಡು ಕೆಳಗಿಟ್ಟೆ. ಪೆಟ್ಟಿಗೆಯನ್ನು ನಿನ್ನ ಅಪ್ಪನ ಅಂಗಡಿಯಲ್ಲಿಟ್ಟು, ಮರುದಿನ ಅಲ್ಲಿಂದಲೇ ಬಸ್ಸಿಗೆ ಹಾಕಿದೆ. “ಬಿಚ್ಚಿದಿ?” ಅಂತ ಅವನು ಕೇಳಿದ. “ಟೆಂಟಿನ್ಯಾಗ ಐತಿ, ಕೊಡತೀನಿ” ಅಂದೆ.

ಮುಂದಿನದು ಊಹಿಸಬಹುದು. ಬೇರೆ ಊರಿನ ಟೆಂಟಿನಲ್ಲಿ ಚಿತ್ರ ಓಡಿತು. ಹೊಳೆಯ ಹತ್ತಿರ ಬಂದ ನಾಯಕಿ ಇದ್ದಕ್ಕಿದ್ದಂತೆ ಬೇರೆ ಹೆಂಗಸಾದಳು, ಮೈದುನ ದಪ್ಪಗಾದ, ಎಲ್ಲರೂ ಮೂಕರಾದರು. ದನಿ ಆರಿಸುವವರು ಯಾರೂ ಇರದೆ ಮಷೀನು ಗರ್ರೆಂದು ಅರಚಿತು. ಮಂದಿ ಎದ್ದು ಬೆಂಚು ಮುರಿದರಂತೆ. ದೂರು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಮದರಾಸಿನ ಸ್ಟುಡಿಯೋಕ್ಕೆ ಹೋಯಿತು.

ಟೆಂಟು ಮತ್ತೆ ಹಳಿಯಾಳಕ್ಕೆ ಬಂದಿದ್ದಾಗ ಹುಬ್ಬಳ್ಳಿ ಆಫೀಸಿನ ಮನುಷ್ಯ ಬಂದ. ಕೆಟ್ಟವನೇನಲ್ಲ. ಕೋಟಿನೊಳಗೆ ಬೆವರುತ್ತಿದ್ದ. ಮೊದಲು ನನ್ನ ಹತ್ತಿರವೇ ಬಂದು ನೀರು ಕೇಳಿ ಕುಡಿದು ಹೇಳಿದ: “ನೋಡ್ರಿ, ಅವರ ಕಥಿಯೊಳಗ ಆಕಿ ಹೊಳಿಗೆ ಬಿದ್ದು ಸಾಯತಾಳ. ನೀವು ಬದುಕಿಸಿ ಮನಿಗೆ ಕರಕೊಂಡು ಹೋಗೀರಿ. ಕಥಿ ಅವರದು, ಹಕ್ಕು ಅವರದು, ಮದರಾಸಿನವರು ಕುದ್ಯಾಕ ಹತ್ಯಾರ. ಆಪರೇಟರನ ಕೈತಪ್ಪಿನಿಂದ ಕೂಡಿ ಬಂದಿದ್ರ ಅದು ನಮ್ಮ ನಮ್ಮೊಳಗಿನ ಮಾತು. ನಿಮ್ಮ ಮಾಲಕರಿಗೆ ತಿಳಸತೀನಿ, ತುಂಡು ಕತ್ತರಿಸಿ ಮಾಡಿದವರಿಗೆ ವಾಪಸ್ ಕೊಡತೇವಿ. ಹೊರಗಿನವರು ಕದ್ದು ಕೂಡಿಸಿದ್ರ ಮಾತ್ರ ರೀಲೂ ಜಪ್ತಿ, ಕ್ಯಾಮೆರಾನೂ ಜಪ್ತಿ. ಈಗ ಹೇಳ್ರಿ, ಯಾರ ಕೆಲಸ ಇದು?”

ಅಂದರೆ ಲೆಕ್ಕ ಸ್ಪಷ್ಟವಾಗಿತ್ತು. ನಾನು ಹೌದೆಂದರೆ ನನ್ನ ಕೆಲಸ ಹೋಗುತ್ತದೆ, ರೀಲು ಉಳಿಯುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ. “ಯಾರು ಕೂಡಿಸಿದ್ರೋ ನನಗ ಗೊತ್ತಿಲ್ರಿ. ಕಳಸೂ ಮುಂದ ಪೆಟಗಿ ಬಸವಣ್ಣೆಪ್ಪನ ಅಂಗಡ್ಯಾಗ ಇತ್ತು” ಅಂದೆ.

ಅವನನ್ನು ಕರೆದುಕೊಂಡು ಅಂಗಡಿಗೆ ನಾನೇ ಹೋದೆ. ಆ ಮನುಷ್ಯ ಒಂದೇ ಮಾತು ಕೇಳಿದ: “ಪ್ರಿಂಟಿಗೆ ಕೂಡಿಸಿದವರು ನೀವ ಏನ್ರಿ?” ನಿನ್ನ ಅಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಯಾರದೋ ಮದುವೆಯ ಫೋಟೋ ನೋಡುತ್ತ ನಿಂತೆ. ನಾನು ಬಿಚ್ಚಲು ಮರೆತು, ಹೇಳಲು ಹೆದರಿ ಸುಳ್ಳಾಡಿರಬೇಕು, ನನ್ನ ಹೊಟ್ಟೆಯ ಮೇಲೆ ಕಲ್ಲು ಬೀಳಬಾರದು ಎಂದುಕೊಂಡನೇನೋ — “ಹೌದ್ರಿ, ನನ್ನಿಂದನ ಆತು” ಅಂದ. ಆ ಮಾತಿಗೆ ಏನು ಬೆಲೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಕ್ಯಾಮೆರಾ ಒಯ್ದರು. ರೀಲು ಹುಬ್ಬಳ್ಳಿಯಲ್ಲೇ ಉಳಿಯಿತು. ನಿನ್ನ ಅವ್ವ ಒಳಗಿನಿಂದ ಬಂದು, “ಹೋಗ್ಲಿ ಬಿಡ್ರಿ, ಇನ್ನೊಂದು ತಗದ್ರಾತು” ಅಂದಳಂತೆ. ಆಗ ನೀನು ಅವಳ ಹೊಟ್ಟೆಯಲ್ಲಿದ್ದೆ. ನಿನ್ನನ್ನು ಹೆತ್ತು ಆಕೆ ಹೋದಳು.

ಇಷ್ಟೇ ಆಗಿದ್ದರೆ ಹೆದರಿಕೆಯಲ್ಲಿ ಬಾಯಿ ತಪ್ಪಿತು ಎಂದಾದರೂ ಅನ್ನಬಹುದಿತ್ತು. ಆದರೆ ಆಕೆ ಹೋದ ಕೆಲವು ತಿಂಗಳಿಗೆ ನಿನ್ನ ಅಪ್ಪ ನನ್ನಲ್ಲಿಗೆ ಬಂದ. ಕ್ಯಾಮೆರಾ ಬೇಡ, ಸಿನಿಮಾ ಬೇಡ, ಆ ತುಂಡೊಂದು ಸಿಕ್ಕರೆ ಸಾಕು ಅಂದ. “ನನ್ನ ಕೂಡ ಹುಬ್ಬಳ್ಳಿಗೆ ಒಮ್ಮಿ ಬಾ ಶಂಕ್ರಪ್ಪಾ. ಮರತು ಬಿಟ್ಟಿದ್ದೆ ಅಂತ ಒಂದು ಮಾತು ಹೇಳು. ಈ ಕೂಸು ದೊಡ್ಡದಾದ ಮ್ಯಾಲ ಆಕಿನ್ನ ತೋರಸಬೇಕು.” ಅಷ್ಟರಲ್ಲಿ ನಾನು ಹಳಿಯಾಳದಲ್ಲಿ ಹೊಸದಾಗಿ ಎದ್ದ ಪಕ್ಕಾ ಥೇಟರಿನಲ್ಲಿ ಆಪರೇಟರ್ ಆಗಿದ್ದೆ, ಆ ಕೆಲಸಕ್ಕೆ ನನ್ನ ಪರವಾಗಿ ಮಾತು ಹೇಳಿದವನು ಅದೇ ಹುಬ್ಬಳ್ಳಿಯ ಮನುಷ್ಯ. “ಮುಂದಿನ ವಾರ ಹೋಗೂಣು” ಅಂದೆ. ಮುಂದಿನ ವಾರ ಮತ್ತೆ ಬಂದ. ಹೊಸ ಚಿತ್ರ ಬಿದ್ದಿದೆ, ರಜೆ ಇಲ್ಲ ಅಂದೆ. ಮತ್ತೆ ಬಂದ — ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಮಳೆಗಾಲ ಕಳೆಯಲಿ ಅಂದೆ. ಅವನು ಒಬ್ಬನೇ ಹೋಗಿ ಕೇಳಿದನಂತೆ. ಒಪ್ಪಿಕೊಂಡ ಕಳ್ಳನಿಗೆ ಯಾರು ಕೊಡುತ್ತಾರೆ? ಆಮೇಲೆ ಕೇಳುವುದನ್ನೇ ಬಿಟ್ಟ. ಒಂದು ದಿನವೂ ನನ್ನನ್ನು ಆಡಿಕೊಳ್ಳಲಿಲ್ಲ. ಅದನ್ನು ಅವನ ಒಳ್ಳೆಯತನ ಎಂದು ನಾನು ಅನುಕೂಲಕ್ಕೆ ನಂಬಿಕೊಂಡೆ. ಈಗ ಅನ್ನಿಸುತ್ತದೆ — ಅವನಿಗೆ ಎಲ್ಲ ಗೊತ್ತಾಗಿತ್ತು.

ನಾನು ಹುಬ್ಬಳ್ಳಿಗೆ ಹೋದೆ, ಗಿರಿಜಾ. ಹೋದೆ. ಅವನು ಕೇಳುವುದನ್ನು ಬಿಟ್ಟು ಬಹಳ ದಿನದ ಮೇಲೆ, ಯಾರಿಗೂ ಹೇಳದೆ. ಆಫೀಸಿನಲ್ಲಿ ಪ್ರಿಂಟು ಕಾಯುವ ಒಬ್ಬ ಮುದುಕ ಇದ್ದ. ಎಲ್ಲ ಹೇಳಿದೆ. ಅವನು ಬೀಡಿ ಆರಿಸಿದ. “ಆ ಹೊಳಿ ದಂಡಿ ತುಂಡ? ಮ್ಯಾಲಿನ ಕಪಾಟಿನ್ಯಾಗ ಇಟ್ಟಿದ್ನಲ್ರಿ, ಯಾರರೆ ಬಂದು ಕೇಳ್ಯಾರು ಅಂತ. ದೀಪಾವಳಿಗೆ ಕಪಾಟು ಖಾಲಿ ಮಾಡಸಿದ್ರು. ಹಳೀ ಫಿಲ್ಮೆಲ್ಲಾ ಬಳಿ ಮಾಡೂವರಿಗೆ ತೂಕಕ್ಕ ಹೋದವು. ಸ್ವಲ್ಪ ಮೊದಲ ಬರಬಾರದಿತ್ತೇನ್ರಿ?”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಬಹಳ ವರ್ಷ ಹಳಿಯಾಳದ ಸಂತೆಯಲ್ಲಿ ಬಳೆಗಾರರ ಮುಂದೆ ನಿಲ್ಲಲು ನನಗೆ ಆಗುತ್ತಿರಲಿಲ್ಲ. ನಿನ್ನ ಅಪ್ಪನಿಗೆ ಇದನ್ನೂ ಹೇಳಲಿಲ್ಲ. ರೀಲು ಇನ್ನೂ ಎಲ್ಲೋ ಇದೆ ಎಂದುಕೊಂಡೇ ಅವನು ಹೋದ.

ರೀಲು ಕೊಡಲಾರೆ, ಕಂಡದ್ದನ್ನಾದರೂ ಹೇಳೋಣ ಎಂದುಕೊಂಡೆ. ಅದನ್ನು ಅಷ್ಟು ಸಲ ಓಡಿಸಿದವನು ಈಗ ನಾನೊಬ್ಬನೇ ಉಳಿದಿದ್ದೇನೆ. ನಿನ್ನ ಅವ್ವ ಹೇಗೆ ನಕ್ಕಳು — ತಲೆ ಹಿಂದಕ್ಕೆ ಹಾಕಿಯೋ, ಕಣ್ಣು ಮುಚ್ಚಿಯೋ, ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತೋ — ಬರೆದು ಕೊಟ್ಟರೆ ನಿನಗೆ ಅಷ್ಟಾದರೂ ಸಿಗುತ್ತದಲ್ಲ. ಎಷ್ಟೋ ದಿನದಿಂದ ಕಣ್ಣು ಮುಚ್ಚಿ ಕೂಡುತ್ತಿದ್ದೇನೆ. ಬಂಡೆ ಬರುತ್ತದೆ, ನೀರು ಬರುತ್ತದೆ. ನಾನು ಓಡಿ ಬರುತ್ತೇನೆ. ನನ್ನ ಧೋತರ, ನನ್ನ ಮೀಸೆ, ಜಾರುವ ನನ್ನ ಕಾಲು, ನೀರಿನಿಂದ ಎದ್ದ ನನ್ನ ಮುಖ — ಎಲ್ಲ ಈಗಲೂ ಚೊಕ್ಕವಾಗಿ ಕಾಣುತ್ತದೆ. ಆಕೆ ನಕ್ಕಳು, ಅದು ನಿಜ. ಅದಕ್ಕೇ ಟೆಂಟು ಇನ್ನಷ್ಟು ನಗುತ್ತಿತ್ತು, ನಿನ್ನ ಅಪ್ಪ ಮೈಕಿನಲ್ಲಿ ಮಾತು ಮರೆತು ತಾನೂ ನಗುತ್ತಿದ್ದ.

ಪ್ರತಿ ಆಟದಲ್ಲೂ ಆ ಜಾಗ ಬಂದಾಗ ನಾನು ಮಷೀನು ಬಿಟ್ಟು ಪರದೆ ನೋಡುತ್ತಿದ್ದೆ. ನೋಡುತ್ತಿದ್ದದ್ದು ನನ್ನನ್ನು. ನಿನ್ನ ಅವ್ವ ಪರದೆಯ ಎಡಗಡೆ ನಿಂತಿದ್ದಳು, ಗಿರಿಜಾ. ಆ ಕಡೆ ನಾನು ಒಂದು ಸಲವೂ ನೋಡಲಿಲ್ಲ.