ಹಾಲಮ್ಮನ ಬಿಳಿ ಗೋಡೆ

ನನ್ನ ತಮ್ಮ ಹುಲಿಯಪ್ಪನ ಹೆಂಡತಿ ಹಾಲಮ್ಮನಿಗೆ ಚಿತ್ತಾರ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಜಂಬದಿಂದಲೇ ಎಲ್ಲ ಕೆಟ್ಟಿದ್ದು.

ನಾವು ಸಾಗರದ ಕಡೆಯ ದೀವರು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆಯ ಚಿತ್ತಾರ ಬರೆಯದೆ ನಮ್ಮಲ್ಲಿ ಮದುವೆಯೇ ಇಲ್ಲ. ಮೊದಲು ಸುತ್ತ ನಾಲ್ಕು ಎಳೆ, ಅದರೊಳಗೆ ದಂಡಿಗೆ, ಅಂದರೆ ಪಲ್ಲಕ್ಕಿ, ದಂಡಿಗೆಯೊಳಗೆ ಮದುಮಕ್ಕಳು. ನಮ್ಮವ್ವ ಬರೆದ ಹಾಗೆಯೇ ನಾನು ಬರೆದೆ, ನಾನು ಬರೆದ ಹಾಗೆಯೇ ಹಾಲಮ್ಮ ಬರೆಯಬೇಕು. ಹದಿನಾಲ್ಕು ವರ್ಷದ ಮೆತ್ತನೆಯ ಹುಡುಗಿಯಾಗಿ ನಮ್ಮ ಮನೆಗೆ ಬಂದವಳು ಅವಳು. ಪುಂಡಿನಾರಿನ ಕುಂಚ ಹಿಡಿದು ಒಂದೆಳೆ ಎಳೆದು ನನ್ನ ಮುಖ ನೋಡುವಳು. ನಾನು ಹುಬ್ಬು ಗಂಟಿಕ್ಕಿದರೆ ಸಾಕು, ಒರೆಸಿ ಮತ್ತೆ ಎಳೆಯುವಳು. ಎಷ್ಟು ವರ್ಷವಾದರೂ ನಾನು ಒಮ್ಮೆಯೂ ಭೇಷ್ ಅನ್ನಲಿಲ್ಲ. ಹೊಗಳಿದರೆ ತಲೆಯ ಮೇಲೆ ಕೂರುತ್ತಾಳೆ ಎಂದುಕೊಂಡಿದ್ದೆ.

ನನ್ನ ಗಂಡನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ನಾವು ಅಲ್ಲಿದ್ದೆವು. ಹುಲಿಯಪ್ಪ ಶಿವಮೊಗ್ಗೆಯ ಹೊಸಮನೆಯಲ್ಲಿ ಎತ್ತಿನ ಗಾಡಿ ಹೊಡೆದುಕೊಂಡಿದ್ದ. ಅವರಿಗೆ ಒಬ್ಬಳೇ ಮಗಳು, ಪುಟ್ಟಲಕ್ಷ್ಮಿ. ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಅವಳ ಮದುವೆ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಕೆಮ್ಮು ಶುರುವಾಯಿತು, ಕೆಮ್ಮಿನಲ್ಲಿ ರಕ್ತ ಬಿತ್ತು. ಡಾಕ್ಟರು ಕ್ಷಯ ಎಂದರು. ಗಂಡಿನ ಕಡೆಯವರು ಬೇಡವೆಂದು ಹೇಳಿಯೂ ಹೋಗಲಿಲ್ಲ, ಬರುವುದನ್ನೇ ಬಿಟ್ಟರು.

ಹುಡುಗಿಯನ್ನು ಬೇರೆ ಮಲಗಿಸಿ, ಕೋಣೆಯಲ್ಲಿ ಒಂದು ಸಾಮಾನೂ ಇರಕೂಡದು, ಗೋಡೆಗೆಲ್ಲ ಸುಣ್ಣ ಹೊಡೆಯಿರಿ ಎಂದು ಡಾಕ್ಟರು ಅಪ್ಪಣೆ ಮಾಡಿದರು. ಇದ್ದ ಒಂದೇ ಮಲಗುವ ಕೋಣೆಯನ್ನು ಗಂಡ ಹೆಂಡತಿ ಮಗಳಿಗೆ ಬಿಟ್ಟುಕೊಟ್ಟರು. ಪೆಟ್ಟಿಗೆ, ಭತ್ತದ ಕಣಜ, ಹಳೆ ಚಾಪೆ ಎಲ್ಲ ಹೊರಗೆ ಹೋದವು. ಮಂಚ ಕಿಟಕಿಯ ಹತ್ತಿರ ಬಂತು. ಹಾಲಮ್ಮ ತಾನೇ ಸೆರಗು ಕಟ್ಟಿ ಮೂರು ಸಲ ಸುಣ್ಣ ಬಳಿದಳು. ಆ ಗೋಡೆಯ ಮೇಲೆ ಹಾಲಮ್ಮನ ಮದುವೆಗೆ ನಾನು ಬರೆದಿದ್ದ ಹಸೆಯಿತ್ತು. ಅದೂ ಹೋಯಿತು.

ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಹುಡುಗಿಯ ಕಾಯಿಲೆಗಿಂತ ನನ್ನ ಹಸೆಯೇ ನನಗೆ ಹೆಚ್ಚಾಯಿತು, ನೋಡಿ.

"ಅಲ್ಲ ಮಾರಾಯ, ನನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಸುದ್ದಿ ಹೇಳಲು ಬಂದಿದ್ದ ತಮ್ಮನ ಮೇಲೆ ಹಾರಾಡಿದೆ. ಅವನು ತಲೆ ತಗ್ಗಿಸಿಕೊಂಡು ಹೋದ.

ಹದಿನೈದು ದಿನಕ್ಕೆ ಹಾಲಮ್ಮನೇ ರೈಲು ಹತ್ತಿ ಭದ್ರಾವತಿಗೆ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು: "ಬರೀ ಬಿಳಿ ನೋಡ್ತಾ ಮಲಗಿದಾಳೆ ಅತ್ತಿಗೆ. ಗೋಡೆ ಮೇಲೆ ಏನಾದ್ರೂ ಬರಿ ಅವ್ವ ಅಂತಾಳೆ. ಕಾಯಿಲೆ ಕೋಣೇಲಿ ಏನು ಬರೀಲಿ? ನಂಗೆ ಬರೋದು ಹಸೆ ಒಂದೇ."

"ಬರೋದನ್ನೇ ಬರಿ. ಹೊಸದು ಹುಟ್ಟಿಸೋಕೆ ನೀನೇನು ಬ್ರಹ್ಮನಾ?" ಎಂದೆ. ಬಿಸಿಲಲ್ಲಿ ಬಂದವಳಿಗೆ ಒಂದು ಲೋಟ ಮಜ್ಜಿಗೆಯನ್ನೂ ಕೊಡಲಿಲ್ಲ.

ಅವಳು ಹೋಗಿ ಬರೆದಳು. ಬಿಳಿಯ ಮೇಲೆ ಅಕ್ಕಿಹಿಟ್ಟು ಕಾಣುವುದಿಲ್ಲವೆಂದು ಕೆಮ್ಮಣ್ಣನ್ನೇ ಕಲಸಿಕೊಂಡಳು. ಕೈ ಅಭ್ಯಾಸದಂತೆ ಓಡಿತು: ನಾಲ್ಕು ಎಳೆ, ದಂಡಿಗೆ, ದಂಡಿಗೆಯೊಳಗೆ ಗಂಡು ಹೆಣ್ಣು. ಮುಗಿದ ಮೇಲೆ ಹಿಂದೆ ಸರಿದು ನೋಡಿದಾಗಲೇ ತಾನೇನು ಮಾಡಿದೆನೆಂದು ಅವಳಿಗೆ ಗೊತ್ತಾಗಿದ್ದು. ಮದುವೆ ಮುರಿದ ಮಗಳ ಕಣ್ಣೆದುರಿಗೆ ಮದುಮಕ್ಕಳನ್ನು ಕೂರಿಸಿದ್ದಳು.

ಪುಟ್ಟಲಕ್ಷ್ಮಿ ಸ್ವಲ್ಪ ಹೊತ್ತು ನೋಡಿದಳಂತೆ. "ಇವರ ಮದುವೆಗೆ ನಂಗೆ ಬರೋಕಾಗಲ್ಲ ಕಣವ್ವ" ಎಂದು ನಕ್ಕು, ಆಚೆ ಮಗ್ಗುಲಿಗೆ ಹೊರಳಿದಳಂತೆ. ಹಾಲಮ್ಮ ಒದ್ದೆ ಬಟ್ಟೆಯಲ್ಲಿ ಗೋಡೆ ತಿಕ್ಕಿ ತಿಕ್ಕಿ ಅತ್ತಳು. ಕೆಂಪು ಹೋಗದೆ, ಮತ್ತೆ ಸುಣ್ಣ ಬಳಿಯಬೇಕಾಯಿತು.

ಆಮೇಲೆ ಅವಳಿಗೆ ಕುಂಚ ಮುಟ್ಟಲು ಹೆದರಿಕೆ. ಒಂದು ದಿನ ಪೇಟೆಯಿಂದ ಬಂದಾಗ ಮಗಳೇ ಕೇಳಿದಳು: "ಇವತ್ತು ದಾರೀಲಿ ಏನು ನೋಡ್ದೆ?" ಜಟಕಾ ಕುದುರೆಯೊಂದು ನಡುಬೀದಿಯಲ್ಲಿ ಹಟ ಹಿಡಿದು ಕೂತಿತ್ತೆಂದು ಹಾಲಮ್ಮ ಹೇಳಿದಳು. "ಹಾಗಾದ್ರೆ ಅದನ್ನೇ ಬರಿ."

ಕುದುರೆ ಬರೆಯುವುದನ್ನು ಅವಳಿಗೆ ಯಾರು ಕಲಿಸಿದ್ದರು? ನಮ್ಮ ಹಸೆಯ ಮುಕ್ಕೋಣಗಳನ್ನೇ ಜೋಡಿಸಿ ಏನೋ ಒಂದು ಮಾಡಿದಳು. ಅದು ಆಡಿನ ಹಾಗೆ ಕಂಡಿತು. ಹುಡುಗಿ ಕೆಮ್ಮು ಬರುವಷ್ಟು ನಕ್ಕಳು. ಹಾಲಮ್ಮ ಅಳಿಸಲು ಹೋದರೆ, "ಅಳಿಸಬೇಡ, ನಂಗೆ ಅದೇ ಇಷ್ಟ" ಎಂದಳು. ಮಾರನೆಯ ದಿನ ಬಳೆ ಮಲಾರ ಹೊತ್ತ ಸಾಬರು ಗೋಡೆಯ ಮೇಲೆ ಬಂದರು. ಅದರ ಮಾರನೆಯ ದಿನ ತುಂಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು. ಸುತ್ತ ಎಳೆಯಿಲ್ಲ, ದಂಡಿಗೆಯಿಲ್ಲ, ಎಲ್ಲರೂ ಗೋಡೆಯ ತುಂಬ ಮನಸ್ಸು ಬಂದ ಕಡೆ ಹೊರಟಿದ್ದರು. "ಏನು ಬರುತ್ತೆ ಅಂತ ನಂಗೇ ಗೊತ್ತಿರ್ತಿರಲಿಲ್ಲ ಅತ್ತಿಗೆ. ಒಂದೆಳೆ ಹಾಕಿದ್ರೆ ಮುಂದಿಂದು ಅದೇ ತೋರಿಸೋದು" ಎಂದು ಎಷ್ಟೋ ವರ್ಷದ ಮೇಲೆ ಹೇಳಿದಳು. ಅಷ್ಟು ಹೊತ್ತಿಗೆ ಹೊಸಮನೆಯ ಎಷ್ಟೋ ಮನೆಗಳಲ್ಲಿ ಅವಳ ಕೈಯ ಚಿತ್ತಾರವಿತ್ತು.

ತಿಂಗಳು ಕಳೆದು ಹುಲಿಯಪ್ಪ ಮತ್ತೆ ನಮ್ಮ ಮನೆಗೆ ಬಂದ.

"ಅಕ್ಕಾ, ಪುಟ್ಟಿ ತನ್ನನ್ನೂ ಗೋಡೆ ಮೇಲೆ ಬರಿ ಅಂತಿದಾಳೆ. ಪೇಟೆ ಬೀದೀಲಿ ನಡ್ಕೊಂಡು ಹೋಗೋ ಹಾಗೆ. ಹಾಲಮ್ಮಂಗೆ ಹೆದರಿಕೆ. ಬದುಕಿರೋ ಮಗಳನ್ನ ಬರೆದು ತಪ್ಪಾದ್ರೆ ಅವಳಿಗೇ ತಟ್ಟುತ್ತೆ ಅಂತಾಳೆ. ನೀನು ಬಂದು ನೋಡಿ, ಹೂಂ ಅಂದ್ರೆ ಬರೀತಾಳಂತೆ. ಜಾಗ ಬಿಟ್ಟಿದಾಳೆ. ಬೇಗ ಬಾ ಅಕ್ಕಾ."

"ಸಾಬರನ್ನ ಬರೆಯೋವಾಗ, ಕುದುರೆ ಬರೆಯೋವಾಗ ನನ್ನ ಕೇಳಿದ್ಲಾ? ಈಗ ನಾನು ಬೇಕಾದ್ನಾ? ಬಿಡುವಾದಾಗ ಬರ್ತೀನಿ, ಹೋಗು."

ನನಗೆ ಕೆಲಸವೇನೂ ಇರಲಿಲ್ಲ. ಇನ್ನೊಂದು ಸಲ ಅವಳೇ ಬಂದು ಕರೆಯಲಿ ಎಂದು ಕೂತಿದ್ದೆ. ದಿನವೂ ರೈಲಿನ ಕೂಗು ಕೇಳುತ್ತಿತ್ತು. ಒಂಬತ್ತು ದಿನ ಹಾಗೇ ಕೂತೆ. ಹತ್ತನೆಯ ದಿನ ಪುಟ್ಟಲಕ್ಷ್ಮಿ ಹೋದಳೆಂದು ಆಳು ಬಂದ.

ನಾನು ಹೊಸಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿಸಿ ಗಂಡಸರು ಹೊಳೆಯಿಂದ ಬಂದಿದ್ದರು. ಕೋಣೆಗೆ ಹೋದೆ. ಅಯ್ಯೋ ದೇವರೇ, ಆ ಗೋಡೆ! ಇಡೀ ಶಿವಮೊಗ್ಗೆಯೇ ಅಲ್ಲಿತ್ತು. ನನ್ನ ಜನ್ಮದಲ್ಲಿ ಅಂಥದ್ದೊಂದು ನಾನು ಬರೆದಿಲ್ಲ. ನಟ್ಟನಡುವೆ, ಬಳೆ ಸಾಬರ ಪಕ್ಕದಲ್ಲಿ, ಒಂದು ಗೇಣು ಜಾಗ ಬಿಳಿಯಾಗಿಯೇ ಉಳಿದಿತ್ತು. ಅದರ ಮುಂದೆ ಹಾಲಮ್ಮ ಕೂತಿದ್ದಳು.

"ದಿನಾ ಕೇಳೋಳು, ಅತ್ತೆ ಬಂದ್ರಾ ಅಂತ" ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಾನು ಬಾಯಿ ಬಡಿದುಕೊಂಡು ಅತ್ತೆ.

ಅವಳು ಎದ್ದು ಕರಟದಲ್ಲಿ ಕೆಮ್ಮಣ್ಣು ಕಲಸಿದಳು. ಸೂತಕದ ಮನೆಯಲ್ಲಿ ಕುಂಚ ಹಿಡಿಯುತ್ತಾಳಲ್ಲ ಎಂದು ಬಾಗಿಲಲ್ಲಿದ್ದ ಹೆಂಗಸರು ಗುಸುಗುಸು ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಕುಂಚ ಗೋಡೆಗೆ ಇಟ್ಟಳು. ತಲೆ ಬಂತು, ಜಡೆ ಬಂತು, ಬೀಸಿಕೊಂಡು ಹೋಗುವ ಎರಡು ಕೈ ಬಂದವು. ಒಂದೆಳೆಯನ್ನೂ ಅಳಿಸಲಿಲ್ಲ.

ನನ್ನ ಹಾಳು ಬಾಯಿ ಆಗಲೂ ಸುಮ್ಮನಿರಲಿಲ್ಲ. "ಕೈ ಉದ್ದ ಆಯ್ತು ಕಣೇ" ಎಂದುಬಿಟ್ಟೆ.

"ಸೊರಗಿ ಸೊರಗಿ ಅವಳ ಕೈ ಅಷ್ಟುದ್ದ ಕಾಣ್ತಿತ್ತು ಅತ್ತಿಗೆ" ಎಂದಳು ಹಾಲಮ್ಮ. "ನೀವು ನೋಡ್ಲಿಲ್ಲ."

ನಾನು ಅವಳ ಪಕ್ಕಕ್ಕೆ ಹೋಗಿ ಬಣ್ಣದ ಕರಟ ಹಿಡಿದುಕೊಂಡು ನಿಂತೆ. ಬರೆದು ಮುಗಿಯುವವರೆಗೂ ಅವಳು ನನ್ನ ಮುಖ ನೋಡಲಿಲ್ಲ.