ಸೀರೆಯಿಂದ ನೆಲಕ್ಕಿಳಿದ ಗಿಡಗಳು

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಸೊಸೆಯಾಗಿ ಬಂದವಳು ನಾನು. ಮಗ್ಗದ ಮೇಲೆ ಕೂರುವುದು ನಮ್ಮ ಯಜಮಾನರ ಕೆಲಸ. ಗ್ರಾಫ್ ಹಾಳೆಯ ಮೇಲೆ ಅಂಚು, ಬುಟ್ಟಾ, ಸೆರಗಿನ ವಿನ್ಯಾಸ ಬರೆಯುವುದು ನನ್ನದು. ಒಂದೊಂದು ಚೌಕವನ್ನೂ ಎಣಿಸಿ ತುಂಬಬೇಕು. ಹದಿನೆಂಟು ವರ್ಷ ಹಾಗೆ ತುಂಬಿದ ಮೇಲೆ ಮಾವಿನಕಾಯಿ, ಹಂಸ, ಹೂಬಳ್ಳಿ ಯಾವುದನ್ನಾದರೂ ಕಣ್ಣು ಮುಚ್ಚಿಕೊಂಡು ಬರೆದೇನು ಎಂಬ ಜಂಬ ನನಗೆ ಬಂದಿತ್ತು.

ಆ ಜಂಬದಲ್ಲೇ ನಮ್ಮ ಬೀದಿಯ ಮೇಷ್ಟ್ರಿಗೆ ಹೂಂ ಅಂದುಬಿಟ್ಟೆ. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹೊಲದ ಬದು, ಕೆರೆ ಏರಿ, ಕುರುಚಲು ಕಾಡುಗಳಲ್ಲಿ ಯಾರೂ ನೆಡದೆ ತಾವಾಗಿ ಬೆಳೆಯುವ ಈ ನೆಲದ ಗಿಡಗಳಿಗೆ ಒಂದು ಕೈಪಿಡಿ ಮಾಡುತ್ತಿದ್ದರು. ಚೀಲದಲ್ಲಿ ಇಟ್ಟುಕೊಂಡು ಹೋಗಿ, ಗಿಡದ ಪಕ್ಕ ನಿಂತು ಪುಟ ತೆಗೆದರೆ ಅದು ಯಾವುದೆಂದು ಗೊತ್ತಾಗಬೇಕು. ಬರಹ ಮುಗಿದಿತ್ತು. ಫೋಟೊಗಳೂ ಇದ್ದವು. ಆದರೆ ಫೋಟೊಗಳಲ್ಲಿ ಎಲ್ಲವೂ ಹಸಿರೋ ಹಸಿರು. ಯಾವ ಎಲೆ ಈ ಗಿಡದ್ದು, ಯಾವುದು ಹಿಂದಿನ ಪೊದೆಯದ್ದು ತಿಳಿಯುತ್ತಿರಲಿಲ್ಲ.

"ಚಿತ್ರವೇ ಆಗಬೇಕಮ್ಮ. ಎಣಿಸಿ ಬರೆಯೋರು ಬೇಕು. ನಿಮಗೆ ಆ ಅಭ್ಯಾಸ ಇದೆಯಲ್ಲ" ಅಂದರು ಮೇಷ್ಟ್ರು.

ಅವರು ತಂದುಕೊಟ್ಟ ಕೊಂಬೆಗಳನ್ನು ಅಡುಗೆಮನೆ ಕಟ್ಟೆಯ ಮೇಲೆ ಲೋಟದ ನೀರಿನಲ್ಲಿ ನಿಲ್ಲಿಸಿ ಮೂರು ತಿಂಗಳಲ್ಲಿ ನಲವತ್ತು ಗಿಡ ಬರೆದೆ. ಮೇಷ್ಟ್ರು ಒಂದೊಂದೇ ಹಾಳೆ ತಿರುವಿದರು. ಚೆನ್ನಾಗಿದೆ ಅಂದರು. ಆದರೆ ಅವರ ಮುಖ ಹಾಗೆ ಹೇಳಲಿಲ್ಲ.

"ನಾವಿಬ್ಬರೂ ನೋಡಿ ಒಪ್ಪಿದರೆ ಸಾಲದು. ಕೌದಳ್ಳಿಗೆ ಹೋಗೋಣ. ಹೆಸರು ಹೇಳದೆ ತೋರಿಸೋಣ" ಅಂದರು.

ಕೌದಳ್ಳಿಯಲ್ಲಿ ಆಡು ಮೇಯಿಸುವ ಒಬ್ಬ ಅಜ್ಜಿ ಇದ್ದರು. ಮೇಷ್ಟ್ರು ಹತ್ತಾರು ವರ್ಷ ಅವರ ಹಿಂದೆ ಕಾಡಂಚು ಸುತ್ತಿ ಗಿಡಗಳ ಹೆಸರು ಬರೆದುಕೊಂಡಿದ್ದರು. ಅಜ್ಜಿಗೆ ಓದಲು ಬರೆಯಲು ಬಾರದು. ಮನೆ ಮುಂದಿನ ಹುಣಸೆಮರದ ಕೆಳಗೆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡತೊಡಗಿದರು. ಒಂದು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಕೆಳಗು ಮಾಡಿದರು.

"ಗೊತ್ತಾಗಕಿಲ್ಲ ಕಣವ್ವ" ಅಂದರು.

"ಮಂಗರವಳ್ಳಿ ಅಜ್ಜಿ. ಚಟ್ನಿ ಮಾಡ್ತೀವಲ್ಲ, ಆ ಬಳ್ಳಿ" ಅಂದೆ.

ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ಸಂದಾಗ್ ಬರ್ದಿದ್ದೀಯೆ, ಇಲ್ಲ ಅನ್ನಕಿಲ್ಲ. ಆದ್ರೆ ಇದು ಸೀರೆ ಮ್ಯಾಲೆ ಬೆಳ್ದಿರಾ ಗಿಡ ಕಣವ್ವ. ನೆಲದ ಮ್ಯಾಲಿಂದಲ್ಲ."

ನಲವತ್ತರಲ್ಲಿ ಅವರು ಗುರುತು ಹಿಡಿದದ್ದು ಒಂಬತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಹನೂರು ಬರುವ ತನಕ ಅತ್ತೆ. ಮೇಷ್ಟ್ರು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಮನೆಯಲ್ಲಿ ಯಜಮಾನರಿಗೆ ಎಲ್ಲ ಹೇಳಿ, ಇನ್ನು ನನ್ನಿಂದಾಗದು ಅಂದೆ. ಅವರು ಮಗ್ಗದಿಂದ ಏಳಲೂ ಇಲ್ಲ. "ತಪ್ಪು ಬಿದ್ದ ಕಡೆ ಬಿಚ್ಚಿ ಮತ್ತೆ ನೇಯ್ತೀವಲ್ಲ. ಹಾಗೇ ಮಾಡು" ಅಂದರು.

ಮುಂದಿನ ಭಾನುವಾರ ಒಬ್ಬಳೇ ಕೌದಳ್ಳಿ ಬಸ್ಸು ಹತ್ತಿದೆ.

ಅಜ್ಜಿ ನನ್ನನ್ನು ಕಂಡು ಅಚ್ಚರಿಪಡಲಿಲ್ಲ. "ಬಾ, ಆಡು ಒಡ್ಕೊಂಡ್ ಓಗಾನ" ಅಂದರು, ಅಷ್ಟೆ. ಊರು ದಾಟಿದ ಮೇಲೆ ಬೇಲಿಗೆ ಹಬ್ಬಿದ್ದ ಮಂಗರವಳ್ಳಿಯ ಮುಂದೆ ನಿಲ್ಲಿಸಿದರು. ನನ್ನ ಬೆರಳು ಹಿಡಿದು ಕಾಂಡದ ಗೆಣ್ಣಿನ ಮೇಲೆ ಇಟ್ಟರು. "ಎಲೆ ಎಷ್ಟದೆ ಇಲ್ಲಿ?"

ಒಂದೇ ಎಲೆ ಇತ್ತು. ಅದರ ಎದುರು ಬದಿಯಲ್ಲಿ ಎಲೆಯಿರಲಿಲ್ಲ, ಬೇಲಿಯನ್ನು ಸುತ್ತಿಕೊಂಡ ಎಳೆಯೊಂದಿತ್ತು. ನಾನು ಎಡಕ್ಕೊಂದು ಬಲಕ್ಕೊಂದು, ಒಂದೇ ಅಳತೆಯ ಎಲೆಗಳನ್ನು ಬರೆದಿದ್ದೆ. ಅಂಚಿನ ಬಳ್ಳಿಗೆ ಎರಡು ಕಡೆಯೂ ಸಮ ಇರಲೇಬೇಕು. ಹದಿನೆಂಟು ವರ್ಷದ ಕೈ ಕಣ್ಣಿನ ಮಾತು ಕೇಳದೆ ತಾನೇ ಬರೆದುಬಿಟ್ಟಿತ್ತು. ಬೇಲಿಯ ಪಕ್ಕದಲ್ಲೇ ಕೂತು ಬರೆದೆ. ಗ್ರಾಫ್ ಹಾಳೆ ಬಿಟ್ಟು ಬಿಳಿ ಹಾಳೆಯಲ್ಲಿ ಬರೆದದ್ದು ಅದೇ ಮೊದಲು.

ಆಮೇಲೆ ಎರಡು ಮಳೆಗಾಲ ನನ್ನ ಭಾನುವಾರಗಳೆಲ್ಲ ಅಜ್ಜಿಯ ಆಡುಗಳ ಹಿಂದೆಯೇ ಕಳೆದವು. ನಡುವೆ ಬಿಡುವಾದಾಗ ನಮ್ಮೂರ ಹತ್ತಿರದ ಧನಗೆರೆಯ ಹೊಲದ ಬದುವಿನಲ್ಲಿ ಕೂತು ತುಂಬೆ, ಉತ್ತರಾಣಿ ಬರೆದೆ. ನೆಲನೆಲ್ಲಿಯ ಕಡ್ಡಿಯನ್ನು ತಿರುವಿ, ಎಲೆಯ ಕೆಳಗೆ ಸಾಲಾಗಿ ಅಡಗಿ ಕೂತ ಕಾಯಿಗಳನ್ನು ಆಡು ಮೇಯಿಸುವಾಗ ಅಜ್ಜಿ ತೋರಿಸಿದರು. ಮೇಲಿನಿಂದ ಮಾತ್ರ ನೋಡಿದ್ದ ನಾನು ಅವನ್ನು ಬರೆದೇ ಇರಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಪೊದೆಗಳ ಮೇಲೆ ಬೆಂಕಿಯಂತೆ ಅರಳುವ ಗೌರಿ ಹೂವಿನ ಎಲೆಯ ತುದಿ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ಕಂಡ ದಿನ ನನಗೆ ಕುಣಿಯುವಷ್ಟು ಖುಷಿಯಾಗಿ ಒಂದೇ ಎಲೆಯನ್ನು ಹನ್ನೊಂದು ಸಲ ಬರೆದೆ.

ಒಮ್ಮೆ ನಾನೇ ಹೊಸ ಬಳ್ಳಿಯೊಂದನ್ನು ಕಂಡುಹಿಡಿದೆನೆಂದು ಬೀಗಿದೆ. ಸೊಗದೆ ಬೇರಿನ ಬಳ್ಳಿಯ ಚಿತ್ರ ಆಗಲೇ ಮುಗಿದಿತ್ತು, ಅದರದು ಅಗಲ ಎಲೆ. ಇದರದು ಹುಲ್ಲಿನಂತೆ ಸಣ್ಣ ಎಲೆ. ಅಜ್ಜಿ ಕುಡುಗೋಲಿನಿಂದ ಬುಡ ಕೆದಕಿ, ಬೇರನ್ನು ಗೀರಿ ನನ್ನ ಮೂಗಿಗೆ ಹಿಡಿದರು. ಅದೇ ಸೊಗದೆಯ ಘಮ.

"ಒಂದೇ ಬಳ್ಳೀಲಿ ಅಗಲದ್ದೂ ಇರ್ತದೆ, ಸಣ್ಣದೂ ಇರ್ತದೆ. ಒಂದೇ ಮನೇಲಿ ಅಣ್ಣ ತಮ್ಮ ಒಂದೇ ತರ ಇದ್ದಾರಾ?" ಅಂದರು.

ಎರಡನೆಯ ಮಳೆಗಾಲ ಮುಗಿಯುವಾಗ ನನ್ನ ಹತ್ತಿರ ನೂರಹನ್ನೆರಡು ಗಿಡಗಳ ಚಿತ್ರಗಳಿದ್ದವು. ಮತ್ತೊಮ್ಮೆ ಪರೀಕ್ಷೆ ಮಾಡೋಣವೆಂದು ಈ ಸಲ ನಾನೇ ಮೇಷ್ಟ್ರನ್ನು ಕೇಳಿದೆ. ಅವರು ಒಂದು ಷರತ್ತು ಹಾಕಿದರು. ಅಜ್ಜಿ ಜೊತೆಯಲ್ಲೇ ಇದ್ದು ಗಿಡ ತೋರಿಸಿದವರು, ಅವರ ಉತ್ತರ ಲೆಕ್ಕಕ್ಕಿಲ್ಲ, ಬಾಯಿ ಬಿಡುವಂತೆಯೇ ಇಲ್ಲ. ಅಜ್ಜಿ ಒಪ್ಪಿ, ಸೊಪ್ಪಿಗೆ, ಸೌದೆಗೆ ಕಾಡಂಚಿಗೆ ಹೋಗುವ ಎಂಟು ಹೆಂಗಸರನ್ನು ಹುಣಸೆಮರದ ಕೆಳಗೆ ಸೇರಿಸಿದರು. ತಾವು ಮರದ ಬುಡಕ್ಕೆ ಒರಗಿ, ತುಟಿ ಬಿಗಿದುಕೊಂಡು ಕೂತರು.

ನಾನು ಹಾಳೆ ಎತ್ತಿ ಹಿಡಿಯುತ್ತಾ ಹೋದೆ. "ತಂಗಡಿ." "ಎಕ್ಕ, ಅದೇನ್ ಕೇಳೀರಿ." "ಬಂದರಿಕೆ." "ಅಣ್ಣೆಸೊಪ್ಪು." ಹಾಳೆ ಪೂರ್ತಿ ಮೇಲೇಳುವ ಮೊದಲೇ ಹೆಸರು ಬರುತ್ತಿತ್ತು. ನೆಲನೆಲ್ಲಿ ಬಂದಾಗ ಒಬ್ಬಾಕೆ ಬಗ್ಗಿ, "ಕಾಯೂ ಬರ್ದವ್ಳೆ ನೋಡ್ರೇ" ಎಂದು ಕೂಗಿದಳು. ಅಜ್ಜಿ ಕೂತಲ್ಲೇ ಚಡಪಡಿಸುತ್ತಿದ್ದರು.

ಕೊನೆಗೆ ಮಂಗರವಳ್ಳಿ ಎತ್ತಿದೆ.

"ಮಂಗರವಳ್ಳಿ" ಅಂದಳು ಮುಂದೆ ಕೂತಿದ್ದವಳು.

"ಅದು ಪೆರಂಡೆ ಕಣಕ್ಕ" ಅಂದಳು ತಮಿಳು ಕಡೆಯಿಂದ ಸೊಸೆಯಾಗಿ ಬಂದಿದ್ದ ಇನ್ನೊಬ್ಬಳು.

"ನಮ್ಮೂರ್ ಬೇಲಿ ಮ್ಯಾಲೆ ಬೆಳೆಯದಕ್ಕೆ ನಿಮ್ಮೂರ್ ಎಸ್ರಾ?"

"ನಮ್ಮೂರ್ ಬೇಲೀಲೂ ಬೆಳೀತದೆ. ನಮ್ಮವ್ವ ದಿನಾ ಇದ್ರ ಚಟ್ನಿ ಅರೀತಿದ್ಲು. ನಂಗ್ ಗೊತ್ತಿಲ್ವಾ?"

ಇಬ್ಬರಿಗೂ ಜೋರು ಜಗಳವೇ ಹತ್ತಿತು. ಉಳಿದವರು ಎರಡು ಪಕ್ಷವಾದರು. ಬಿಡಿಸಲು ಹೋದ ಮೇಷ್ಟ್ರ ಮಾತು ಯಾರಿಗೂ ಕೇಳಲಿಲ್ಲ. ನಾನು ಮಾತ್ರ ಹಾಳೆ ಎತ್ತಿಹಿಡಿದುಕೊಂಡೇ ನಿಂತಿದ್ದೆ. ಅವರು ಜಗಳವಾಡುತ್ತಿದ್ದದ್ದು ಹೆಸರಿಗೆ. ಗಿಡ ಯಾವುದೆಂಬುದರ ಬಗ್ಗೆ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನಮ್ಮ ಮನೆಯಲ್ಲಿ ಆಡುವುದು ತೆಲುಗು, ಬೀದಿಯಲ್ಲಿ ಕನ್ನಡ. ಒಂದೇ ವಸ್ತುವನ್ನು ಎರಡು ಹೆಸರಿನಿಂದ ಕರೆಯುವುದು ನನಗೆ ಹೊಸದಲ್ಲ. "ಎರಡೂ ಹಾಕೋಣ ಸಾರ್" ಅಂದೆ. ಜಗಳ ಅಲ್ಲಿಗೆ ನಿಂತಿತು. ಅಲ್ಲಿಯ ತನಕ ತಡೆದುಕೊಂಡಿದ್ದ ಅಜ್ಜಿ ಎದ್ದು ನಿಂತರು.

"ಈಗಲಾದ್ರೂ ಮಾತಾಡ್ಬೋದಾ ಸಾ? ಒಂದೂ ಬುಡ್ದಂಗೆ ಯೋಳವ್ರೆ. ನನ್ ಮಗ್ಳು ಗೆದ್ಲು!"

ಪುಸ್ತಕ ಅಚ್ಚಾಗಿ ಬಂತು. ಬಿಡುಗಡೆಗೆ ಸಭೆ, ವೇದಿಕೆ ಬೇಡವೆಂದು ಮೇಷ್ಟ್ರು ಯಳಂದೂರು ಕಡೆಯ ಮಾಂಬಳ್ಳಿಯ ಕೆರೆ ಏರಿಗೆ ಸುತ್ತಲಿನ ಶಾಲೆಗಳ ನಲವತ್ತು ಶಿಕ್ಷಕರನ್ನು ಕರೆದರು. ಗಿಡ ತೋರಿಸಲು ಕೌದಳ್ಳಿಯಿಂದ ಅಜ್ಜಿಯನ್ನು ಕರೆತಂದರು. ಅಜ್ಜಿ ಬಸ್ಸಿನಿಂದ ಇಳಿದವರೇ ಹಿಂದೇಟು ಹಾಕಿದರು. "ಇಸ್ಕೂಲ್ ಮುಖಾನೇ ನೋಡ್ದೆ ಇರೋಳು ನಾನು ಮೇಷ್ಟ್ರುಗಳ್ಗೆ ಪಾಠ ಯೋಳದಾ?" ಆದರೆ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದು ಮೊದಲನೆಯ ಗಿಡ ಕಾಲಿಗೆ ಸಿಕ್ಕಿದ್ದೇ ತಡ, ಅವರ ದನಿ ಕಾಡಂಚಿನ ದನಿಯಾಯಿತು. "ದೂರ ನಿಂತ್ರೆ ಏನ್ ಕಂಡಾತು? ಅತ್ರ ಬನ್ನಿ, ಮುಟ್ಟಿ ನೋಡಿ" ಎಂದು ಗದರಿದರು. ನಲವತ್ತೂ ಮಂದಿ ಮಕ್ಕಳ ಹಾಗೆ ಮುತ್ತಿಕೊಂಡರು. ಅಜ್ಜಿ ಒಂದೊಂದು ಗಿಡ ಮುಟ್ಟಿದಾಗಲೂ ನಲವತ್ತು ಪುಸ್ತಕಗಳ ಪುಟ ತಿರುವುವ ಸದ್ದು ಒಟ್ಟಿಗೆ ಕೇಳುತ್ತಿತ್ತು.

ನಾನು ಸಾಲಿನ ಕೊನೆಯಲ್ಲಿ ನಡೆಯುತ್ತಿದ್ದೆ. ಪಕ್ಕದಲ್ಲಿದ್ದ ಶಿಕ್ಷಕಿಯೊಬ್ಬರು ಉತ್ತರಾಣಿಯ ಗಿಡದ ಮುಂದೆ ಪುಸ್ತಕ ಹಿಡಿದು ಗಿಡವನ್ನೂ ಚಿತ್ರವನ್ನೂ ಎರಡೆರಡು ಸಲ ನೋಡಿದರು.

"ಮುಳ್ಳು ಕೆಳಗೆ ಬಾಗಿರೋದು ಕೂಡ ಹಾಗೇ ಇದೆ. ಯಾರು ಬರೆದಿದ್ದಾರೋ ನಿಮಗೆ ಗೊತ್ತಾ?"

"ನಾನೇ" ಅಂದೆ. ಮುಂದಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಬೇಕೆಂದೇ ಅಂದೆ.