ಪೂಜೆಗಿಟ್ಟ ಟೇಪು

ವಿಜಯಕುಮಾರಿ ನನ್ನಲ್ಲಿ ಲೆಕ್ಕ ಕಲಿತವಳು. ಉತ್ತರ ಸರಿಯೆಂದು ತಿಳಿದ ಮೇಲೂ ಇನ್ನೊಮ್ಮೆ ಕೂಡಿ ನೋಡುವ ಹುಡುಗಿ. ಮುಂದೆ ಗಣಪತಿ ಎಂಬ ಬಡಾವಣೆಯ ಒಂದು ಪಂಪು ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ಮಾರಿದ ಪ್ರತಿಯೊಂದು ಪಂಪಿನ ಅಳತೆಯೂ ಅಲ್ಲಿನ ಹಳೆಯ ದೊಡ್ಡ ಯಂತ್ರದಲ್ಲಿತ್ತು. ಪಂಪು ಕೆಟ್ಟರೆ ಆ ಅಳತೆ ನೋಡಿಯೇ ಬಿಡಿಭಾಗ ಕೊಡಬೇಕು. ಹಿಂದಿನ ಕಾಗದದ ಕಾರ್ಡುಗಳನ್ನು ಆಗಲೇ ತೂಕಕ್ಕೆ ಹಾಕಿಬಿಟ್ಟಿದ್ದರು.

೧೯೮೮ರಲ್ಲಿ ಆ ಯಂತ್ರಕ್ಕೆ ಹೊಸ ಪಿ.ಸಿ.ಯೊಂದನ್ನು ಜೋಡಿಸಿದರು. ಅದರಲ್ಲಿ ರದ್ದುಮಾಡುವ ಕೀಲಿಯಿತ್ತು. ಒತ್ತಿದರೆ ಮಾಡಿದ ತಪ್ಪೆಲ್ಲ ಹಿಂದಕ್ಕೆ ಹೋಗುತ್ತದೆಂದು ಕಲಿಸಲು ಬಂದವರು ಹೇಳಿದ್ದರು.

ಆಯುಧಪೂಜೆಯ ಬೆಳಿಗ್ಗೆ ಅವಳು ಎಲ್ಲ ವಿವರಗಳ ನಕಲನ್ನು ಒಂದು ಟೇಪಿಗೆ ಇಳಿಸಿ ಅದರ ಡಬ್ಬಿಯಲ್ಲಿಟ್ಟಳು. ಉಗ್ರಾಣದ ಮಾರಪ್ಪನ್ ಅದನ್ನು ಸ್ಪ್ಯಾನರುಗಳ ಜೊತೆ ದೇವರ ಮುಂದಿಟ್ಟು, ಎಲ್ಲದರ ಮೇಲೂ ಅರಿಸಿನದ ನೀರು ಚಿಮುಕಿಸಿದರು. ಉಳಿದವರು ಪೂಜೆಯ ಮಂಡಕ್ಕಿ ಪೊರಿ ತಿನ್ನುತ್ತಿದ್ದಾಗ ಇವಳು ಹೊಸ ಕೀಲಿಯನ್ನು ಪರೀಕ್ಷಿಸಲು ಕುಳಿತಳು. ಕಿಣತ್ತುಕಡವು ಊರಿಗೆ ಮಾರಿದ ಮುನ್ನೂರು ಪಂಪುಗಳ ವಿವರವನ್ನು ಅಳಿಸಿ, ರದ್ದು ಒತ್ತಿದಳು. ರದ್ದಾಯಿತೆಂದು ಪರದೆ ಹೇಳಿತು. ಹುಡುಕಿದರೆ ಒಂದು ಪಂಪೂ ಇಲ್ಲ. ಅಳಿಸೆಂದರೆ ಅಳಿಸುವುದಷ್ಟೇ ಹಳೆಯ ಯಂತ್ರಕ್ಕೆ ಗೊತ್ತು. ಮರಳಿಸುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

"ಅಣ್ಣಾ, ಆ ಟೇಪು ಎತ್ತಿಕೊಡಿ," ಎಂದಳು.

"ಪೂಜೆಗಿಟ್ಟದ್ದ ಇವತ್ತೇ ಎತ್ತೋದುಂಟಾ? ನಾಳೆ ಬೆಳಿಗ್ಗೆ ಮರುಪೂಜೆ ಆಗಲಿ. ಅಷ್ಟೇನು ಅವಸರ?"

ಅವಳು ಆದದ್ದನ್ನು ಹೇಳಿದಳು. ಮಾರಪ್ಪನ್ ಕೈಯಲ್ಲಿದ್ದ ಪೊರಿಯನ್ನು ತಟ್ಟೆಗೆ ಹಾಕಿದರು.

"ಹೊಸ ಮೆಷಿನು ಬಂದಾಗಿಂದ ನಿನ್ನ ಕಾಲು ನೆಲದ ಮೇಲಿತ್ತಾ, ತಾಯಿ? ಮ್ಯಾನೇಜರಿಗೆ ಹೇಳಿದೆಯಾ?"

"ಹೇಳಿಯೇ ಬಂದೆ. ನಾಳೆ ಬೆಳಿಗ್ಗೆ ಮೆಷಿನು ಟೇಪು ಓದದಿದ್ದರೆ ನಾನು ಕೆಲಸಕ್ಕೆ ಬರೋದೇ ಬೇಡ ಅಂದರು."

ಮಾರಪ್ಪನ್ ದೇವರ ಕಡೆ ನೋಡಿದರು. ಟೇಪನ್ನು ಮಾತ್ರ ಎತ್ತಲಿಲ್ಲ.

ಮನೆಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ಅರಿಸಿನದ ನೀರು ಡಬ್ಬಿಯೊಳಗೆ ಇಳಿದಿದ್ದರೆ? ಮುಚ್ಚಳ ಬಿಗಿಯಾಗಿ ಹಾಕಿದ್ದೆನೇ? ಎಷ್ಟು ನೆನೆದರೂ ಆ ಕೈಚಲನೆ ನೆನಪಾಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಕರ್ಪೂರ ಆರುವ ಮೊದಲೇ ಮಾರಪ್ಪನ್ ಡಬ್ಬಿಯನ್ನು ಅವಳ ಕೈಗಿಟ್ಟರು. ಮುಚ್ಚಳದ ಅಂಚಿನಲ್ಲಿ ಅರಿಸಿನ ಒಣಗಿ ಅಂಟಿಕೊಂಡಿತ್ತು. ಸೆರಗಿನಿಂದ ಒರೆಸಿ ತೆರೆದಳು. ಒಳಗೆ ನೀರಿನ ಪಸೆಯಿರಲಿಲ್ಲ. ಯಂತ್ರಕ್ಕೆ ಹಾಕಿದಾಗ ಟೇಪು ಸುತ್ತತೊಡಗಿತು, ನಡುವೆ ಒಮ್ಮೆ ನಿಂತಿತು, ಮತ್ತೆ ಸುತ್ತಿತು. ಮೊದಲ ಪಂಪಿನ ಅಳತೆ ಪರದೆಯ ಮೇಲೆ ಮೂಡುವವರೆಗೆ ಅವಳು ಕುಳಿತುಕೊಳ್ಳಲಿಲ್ಲ. ಆಮೇಲೂ ಮುನ್ನೂರನ್ನೂ ಒಂದೊಂದಾಗಿ ಎಣಿಸಿದಳು.

ಮರುವರ್ಷ ಪೂಜೆಗೆ ಮೊದಲು ಮಾರಪ್ಪನ್ ತಾವಾಗಿಯೇ ಅವಳ ಬಾಗಿಲಿಗೆ ಬಂದು ನಿಂತರಂತೆ.

"ಎರಡು ಟೇಪು ಮಾಡಮ್ಮ. ಒಂದು ದೇವರಿಗೆ, ಒಂದು ನಿನಗೆ."